ಟ್ರಂಕಿನ ತಳ ಕಂಡ ದಿನ ನೆನೆಯಬೇಕಾದವರು

ಸಂಕ್ರಮಣದ ಹಿಂದಿನ ಸಂಜೆ ನಮ್ಮ ಮನೆಯ ಹಸಿರು ಟ್ರಂಕಿನ ತಳಕ್ಕೆ ಹಾಸಿದ್ದ ಹಳೆಯ ಪತ್ರಿಕೆಯ ಹಾಳೆ ಕಣ್ಣಿಗೆ ಬಿತ್ತು. ಅದನ್ನು ಕಂಡು ಹನ್ನೆರಡು ವರ್ಷಗಳಾಗಿದ್ದವು. ಅರ್ಧ ಹೊಲಿದ ನಾಲ್ಕು ಕೌದಿಗಳು, ತೋಳು ಹಚ್ಚದ ಕುಪ್ಪಸಗಳು, ಕತ್ತರಿಸಿಟ್ಟು ಮರೆತ ಕುಂಚಿಗೆ, ಕುಲಾವಿ, ದಿಂಬಿನ ಗವಸು, ಸಂತೆಯ ಚೀಲ ಎಲ್ಲ ಸೇರಿ 23 ಕೆಲಸಗಳು ಆ ಟ್ರಂಕಿನಲ್ಲಿದ್ದವು. ನಿವೃತ್ತಿಯಾದ ಮರುವಾರ ಶಾಲೆಯ ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಅವನ್ನೆಲ್ಲ ಪಟ್ಟಿ ಮಾಡಿಕೊಂಡಿದ್ದೆ. ಹದಿನಾಲ್ಕು ತಿಂಗಳಾದ ಮೇಲೆ ಪಟ್ಟಿಯ ಕೊನೆಯ ಹೆಸರಿನ ಮುಂದೆ ಗೀಟು ಎಳೆದೆನು. ಈ ಅವಧಿಯಲ್ಲಿ ನನ್ನೆದುರು ಕುಳಿತು ಸೂಜಿ ಹಿಡಿದವರಿಗೂ, ಹಿಡಿಯದೆ ನೆರವಾದವರಿಗೂ ಕೃತಜ್ಞತೆ ಹೇಳದೆ ಆ ಪುಸ್ತಕವನ್ನು ಮುಚ್ಚಲು ಮನಸ್ಸು ಒಪ್ಪುತ್ತಿಲ್ಲ.

ಇಷ್ಟು ಕೆಲಸ ಏಕೆ ಬಾಕಿ ಉಳಿಯಿತು ಎಂದು ಮಗಳು ಕೇಳಿದಾಗಲೆಲ್ಲ ನನ್ನ ಸೋಮಾರಿತನ ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಅದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ಗೊತ್ತಾಗಬೇಕಾದರೆ ಕೌದಿ ಹೊಲಿಯುವ ಕ್ರಮ ಗೊತ್ತಿರಬೇಕು. ನೆಲದ ಮೇಲೆ ಹಳೆಯ ಸೀರೆಯನ್ನು ಹಾಸಿ, ನಾಲ್ಕು ಮೂಲೆಗಳಿಗೆ ಕಲ್ಲು ಹೇರಿ, ಅದರ ಮೇಲೆ ಸವೆದ ಧೋತರ, ಟವೆಲು, ಹರಿದ ಸೀರೆಗಳನ್ನು ಸುಕ್ಕಿಲ್ಲದಂತೆ ಪದರ ಪದರವಾಗಿ ಹರಡಿ, ಎಲ್ಲಕ್ಕಿಂತ ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿ, ಮೊದಲು ಕಚ್ಚಾ ಹೊಲಿಗೆ ಹಾಕಿಕೊಂಡು, ಆಮೇಲೆ ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತ ಬರಬೇಕು. ಒಬ್ಬಳೇ ಕುಳಿತರೆ ಒಂದು ಅಂಚನ್ನು ಎಳೆದಾಗ ಇನ್ನೊಂದು ಅಂಚು ಸರಿದು ಒಳಗಿನ ಪದರ ಮುದ್ದೆಯಾಗುತ್ತದೆ. ಎದುರು ಅಂಚಿನಲ್ಲಿ ಇನ್ನೊಬ್ಬರು ಮಂಡಿಯೂರಿ ಕುಳಿತರೆ ಅವರ ಭಾರವೇ ಬಟ್ಟೆಯನ್ನು ಹಿಡಿದಿಡುತ್ತದೆ. ನಾಲ್ವರಿದ್ದರೆ ಕೆಲಸ ಓಡುತ್ತದೆ, ಮಾತಂತೂ ಅದಕ್ಕಿಂತ ಮುಂದೆ ಓಡುತ್ತದೆ.

ಹಳೆ ಬಾಗಲಕೋಟೆಯ ನಮ್ಮ ಓಣಿಯಲ್ಲಿ ಎದುರು ಕೂಡುವವರಿಗೆ ಬರವಿರಲಿಲ್ಲ. ಯಾರ ಪಡಸಾಲೆಯಲ್ಲಿ ಸೀರೆ ಹಾಸಿದರೂ ಮಧ್ಯಾಹ್ನದ ಮುಸುರೆ ತಿಕ್ಕಿ ಮುಗಿಸಿದ ಮೂರು ಜನರಾದರೂ ತಮ್ಮ ತಮ್ಮ ಸೂಜಿಯೊಂದಿಗೆ ಬಂದು ಕೂಡುತ್ತಿದ್ದರು. ಆಲಮಟ್ಟಿ ಜಲಾಶಯದಲ್ಲಿ 519.60 ಮೀಟರಿನವರೆಗೆ ನೀರು ನಿಲ್ಲಿಸುವ ಯೋಜನೆಯಲ್ಲಿ ಊರಿನ ತಗ್ಗಿನ ಓಣಿಗಳು ಹಿನ್ನೀರಿಗೆ ಸೇರಿದವು, ನಾವು ನವನಗರಕ್ಕೆ ಬಂದೆವು. ಇಲ್ಲಿ ಅಗಲವಾದ ರಸ್ತೆಗಳಿವೆ, ಸೆಕ್ಟರುಗಳಿಗೆ ಸಂಖ್ಯೆಗಳಿವೆ, ಮನೆಯ ಸುತ್ತ ಜಾಗವಿದೆ. ಆದರೆ ಒಂದೇ ಓಣಿಯ ಎಂಟು ಮನೆಯವರು ಐದು ಸೆಕ್ಟರುಗಳಿಗೆ ಹಂಚಿಹೋದರು. ಹಾಸಿದ ಕೌದಿಯ ಎದುರು ಅಂಚಿನಲ್ಲಿ ಕೂಡಲು ಯಾರನ್ನಾದರೂ ಕರೆಯಬೇಕೆಂದರೆ ಆಟೋ ಹಿಡಿದು ಹೋಗಬೇಕಾಯಿತು. ಅವ್ವ ಒಂದೆರಡು ವರ್ಷ ಹಟ ಹಿಡಿದು ಒಬ್ಬಳೇ ಹೊಲಿದಳು. ಅವಳು 2013ರಲ್ಲಿ ತೀರಿಕೊಂಡ ಮೇಲೆ ನಾನು ಎಲ್ಲವನ್ನೂ ಮಡಚಿ ಟ್ರಂಕಿಗೆ ತುಂಬಿದೆ.

ಆದ್ದರಿಂದ ನನ್ನ ಮೊದಲ ನಮಸ್ಕಾರ ಎದುರು ಮನೆಯ ಅಕ್ಕನವರಿಗೆ. ಗಾಳಿಗೆ ಹಾಕೋಣವೆಂದು ನಾನು ವರಾಂಡದಲ್ಲಿ ಕೌದಿಗಳನ್ನು ಹರಡಿದ ದಿನ ಅವರು ಗೇಟು ತೆಗೆದು ಒಳಗೆ ಬಂದು, ಏನನ್ನೂ ಕೇಳದೆ, ಅಂಚಿನ ಮೇಲೆ ಕುಳಿತು, "ಸೂಜಿ ತರ್ರಿ" ಎಂದರು. ಮರುದಿನ ಅವರ ಸೊಸೆ ಬಂದಳು. ಮುಂದಿನ ವಾರ ಹಿಂದಿನ ರಸ್ತೆಯ ಇಬ್ಬರು ಬಂದರು. ಅವರಲ್ಲಿ ಒಬ್ಬರು ಇಳಕಲ್ಲಿನ ನೇಕಾರರ ಮನೆಯಿಂದ ಬಂದವರು, ಇನ್ನೊಬ್ಬರಿಗೆ ಗುಂಡಿ ಹಚ್ಚುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಗುಂಡಿಯ ಅಕ್ಕನವರ ಹೊಲಿಗೆ ಈಗ ನನ್ನದಕ್ಕಿಂತ ನೇರವಾಗಿದೆ ಎಂಬುದನ್ನು ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ. ಹದಿನಾಲ್ಕು ತಿಂಗಳು, ಮದುವೆ ಮತ್ತು ಹಬ್ಬಗಳ ದಿನ ಬಿಟ್ಟರೆ, ಮಧ್ಯಾಹ್ನ ಮೂರರಿಂದ ಐದರವರೆಗೆ ನಮ್ಮ ವರಾಂಡ ಹಳೆಯ ಪಡಸಾಲೆಯಾಗಿತ್ತು.

ಇಳಕಲ್ಲಿನ ಅಕ್ಕನವರಿಂದ ಕಲಿತದ್ದು ಬಹಳ. ಇಳಕಲ್ ಸೀರೆಯ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ನೇಯುವಾಗ ಒಡಲಿನ ಹಾಸಿಗೂ, ಅಂದರೆ ಉದ್ದದ ಎಳೆಗಳಿಗೂ, ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸುತ್ತಾರೆ. ಕೌದಿಗೆ ಹಾಕುವಾಗ ಸೆರಗನ್ನು ಬೇರೆ ಮಾಡಿಕೊಳ್ಳಬೇಕು, ಏಕೆಂದರೆ ಒಗೆದಾಗ ಹತ್ತಿ ಒಂದು ಪ್ರಮಾಣದಲ್ಲಿ ಕುಗ್ಗಿದರೆ ರೇಷ್ಮೆ ಇನ್ನೊಂದು ಪ್ರಮಾಣದಲ್ಲಿ ಕುಗ್ಗಿ ಮೇಲ್ಪದರ ನಿರಿಗೆ ಕಟ್ಟುತ್ತದೆ. ಬಾಕಿಯಿದ್ದ ಎರಡನೆಯ ಕೌದಿ ಏಕೆ ಉಬ್ಬಿಕೊಂಡಿದೆ ಎಂಬುದು ನನಗೆ ಆಗ ತಿಳಿಯಿತು. ಅದನ್ನು ಪೂರ್ತಿ ಬಿಚ್ಚಿ ಹೊಲಿದೆವು. ಬಿಚ್ಚುವ ಬೇಸರದ ಕೆಲಸವನ್ನು ಅವರೇ ವಹಿಸಿಕೊಂಡರು, ನಾನು ಚಹಾ ಮಾಡಿದೆ. ಇತ್ತೀಚೆಗೆ ಎಲ್ಲರೂ ಪ್ರೀತಿಯಿಂದ ತಂದುಕೊಡುವ ಪಾಲಿಸ್ಟರ್ ಸೀರೆಗಳ ವಿಷಯದಲ್ಲಿ ನಾವಿಬ್ಬರೂ ಒಂದೇ ಮಾತಿನವರು: ಅವು ಕೌದಿಗೆ ಬೇಡ. ಬೇಸಿಗೆಯಲ್ಲಿ ಬೆವರು ಹೀರುವುದಿಲ್ಲ, ಪದರದಿಂದ ಪದರಕ್ಕೆ ಜಾರುತ್ತವೆ. ಕೊಟ್ಟವರು ಬೇಸರ ಮಾಡಿಕೊಳ್ಳಬಾರದು, ನಿಮ್ಮ ಸೀರೆಗಳಿಂದ ಒಳ್ಳೆಯ ಸಂತೆಯ ಚೀಲಗಳಾಗಿವೆ.

ಹೊಲಿಗೆ ಯಂತ್ರದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ನನ್ನ ಮದುವೆಯಲ್ಲಿ ಅಪ್ಪ ಕೊಡಿಸಿದ್ದ ಕಾಲಿನಿಂದ ತುಳಿಯುವ ಉಷಾ ಯಂತ್ರ ಹೊಲಿಗೆ ತಪ್ಪಿಸುತ್ತಿತ್ತು. ಮೊದಲು ಒಯ್ದ ಕಡೆ ಎರಡು ವಾರ ಇಟ್ಟುಕೊಂಡು, ಹಣ ತೆಗೆದುಕೊಂಡು, ಇದ್ದುದಕ್ಕಿಂತ ಕೆಡಿಸಿ ಕಳುಹಿಸಿದರು. ಆಮೇಲೆ ಹಳೆಯ ಪೇಟೆಯ ಹಿರಿಯ ದರ್ಜಿಯೊಬ್ಬರು ಅದರ ತಟ್ಟೆ ಬಿಚ್ಚಿ, ಹಲ್ಲುಜ್ಜುವ ಬ್ರಷ್ಷಿನಿಂದ ವರ್ಷಗಳ ನೂಲಿನ ಧೂಳನ್ನು ಕೆದಕಿ ತೆಗೆದು, ಸೂಜಿಯ ದಂಡ ಕೆಳಗೆ ಸರಿದಿದ್ದರಿಂದ ಒಳಗಿನ ಕೊಕ್ಕೆ ದಾರದ ಕುಣಿಕೆಯನ್ನು ಹಿಡಿಯುತ್ತಿಲ್ಲವೆಂದು ತೋರಿಸಿದರು. ಕೂದಲೆಳೆಯಷ್ಟು ಎತ್ತಿ ತಿರುಪು ಬಿಗಿದರು, ಅಷ್ಟೇ. "ಟೀಚರ್, ಐದು ಪದರಕ್ಕ ಹದಿನಾಲ್ಕರ ಸೂಜಿ ಹಾಕಿದ್ರ ಅದು ಪಾಪ ಏನ್ ಮಾಡಬೇಕು, ಹದಿನೆಂಟರದ್ದು ಹಾಕ್ರಿ" ಎಂದು ಬೈದದ್ದೂ ಅದರೊಂದಿಗೆ ಸೇರಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ಮೂವತ್ತು ವರ್ಷ ಪಾಠ ಹೇಳಿದರೂ ಕೂಡಲಸಂಗಮ ಇರುವ ಈ ಜಿಲ್ಲೆಯ ಮಕ್ಕಳಿಗೆ ನಾನು ಅವರ ಹೆಸರನ್ನು ಒಮ್ಮೆಯೂ ಹೇಳಿರಲಿಲ್ಲ ಎಂಬುದು ಆ ಅಂಗಡಿಯ ಸ್ಟೂಲಿನ ಮೇಲೆ ಕುಳಿತಾಗ ಹೊಳೆದು ನಾಚಿಕೆಯಾಯಿತು. ದರ್ಜಿಯವರಿಗೆ ನನ್ನ ಗೌರವಪೂರ್ವಕ ವಂದನೆಗಳು.

ಕಣ್ಣಿನ ಪೊರೆ ತೆಗೆದ ವೈದ್ಯರಿಗೂ, ಗುಳೇದಗುಡ್ಡದಿಂದ ಖಣದ ತುಂಡುಗಳನ್ನು ಬಸ್ಸಿನಲ್ಲಿ ತಂದುಕೊಟ್ಟ ನನ್ನ ಹಳೆಯ ವಿದ್ಯಾರ್ಥಿನಿಗೂ ಋಣಿಯಾಗಿದ್ದೇನೆ. ಇನ್ನು ನಮ್ಮ ಯಜಮಾನರು. ಸೂಜಿಯ ಕಣ್ಣು ನನಗೆ ಕಾಣದಿದ್ದ ತಿಂಗಳುಗಳಲ್ಲಿ ಅವರು ಪ್ರತಿದಿನ ಬೆಳಿಗ್ಗೆ ಪತ್ರಿಕೆ ಓದುವ ಮೊದಲು ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಿ, ತುದಿಗೆ ಗಂಟು ಹಾಕಿ, ಹಳೆಯ ಸೋಪಿನ ತುಂಡಿನಲ್ಲಿ ಸಾಲಾಗಿ ಚುಚ್ಚಿಡುತ್ತಿದ್ದರು. ಸೋಪಿಗೆ ಚುಚ್ಚಿದ ಸೂಜಿ ದಪ್ಪ ಬಟ್ಟೆಯಲ್ಲಿ ಸಲೀಸಾಗಿ ಇಳಿಯುತ್ತದೆ ಎಂದು ಎಲ್ಲಿ ಕೇಳಿಕೊಂಡು ಬಂದಿದ್ದರೋ ತಿಳಿಯದು, ನನಗೆ ಮಾತ್ರ ಹೇಳಿರಲಿಲ್ಲ.

ಕೊನೆಯವರೆಗೆ ನಾನು ಮುಟ್ಟದೆ ಉಳಿಸಿದ್ದು ಅವ್ವನ ಕೌದಿ. ಬಿಡಿಸಿದಾಗ ಅವಳ ಸೂಜಿ ಅವಳು ನಿಲ್ಲಿಸಿದ ಜಾಗದಲ್ಲೇ ಚುಚ್ಚಿಕೊಂಡಿತ್ತು. ಹನ್ನೆರಡು ವರ್ಷದ ತೇವಕ್ಕೆ ತುಕ್ಕು ಹಿಡಿದು, ಸುತ್ತಲಿನ ಬಿಳಿಯ ಧೋತರದ ತುಂಡಿನ ಮೇಲೆ ಕಡಲೆಬೇಳೆಯಷ್ಟು ಕಂದು ಕಲೆ ಮೂಡಿತ್ತು. ಅವಳು ಎಡಗೈಯವಳು. ನಮ್ಮ ಟಾಕುಗಳು ಬಲಕ್ಕೆ ವಾಲಿದರೆ ಅವಳವು ಎಡಕ್ಕೆ ವಾಲುತ್ತವೆ, ಅದರಲ್ಲೂ ಕೊನೆಯ ಸುತ್ತಿನವು ಕಣ್ಣು ಮಂಜಾದ ಕಾಲದವು, ಒಂದು ಅಕ್ಕಿಕಾಳಿನಷ್ಟು, ಇನ್ನೊಂದು ಬೆರಳಿನಷ್ಟು. ಅಂದವಾಗಿ ಕಾಣಲಿ ಎಂದು ಆ ಸುತ್ತನ್ನು ಬಿಚ್ಚಲು ನಾನು ಕತ್ತರಿ ತೆಗೆದಾಗ ಎದುರು ಮನೆಯ ಅಕ್ಕನವರು ನನ್ನ ಕೈ ಹಿಡಿದರು. ಮಾತನಾಡಲಿಲ್ಲ. ಕಲೆಯ ಮೇಲೆ ಕೆಂಪು ಖಣದ ಮೂರು ಮೂಲೆಯ ತುಂಡೊಂದನ್ನು ಇಟ್ಟು, ಅಂಗೈಯಿಂದ ಒತ್ತಿ, ಅಲ್ಲಿಂದ ಮುಂದೆ ಹೊಲಿಯಲು ಕಣ್ಸನ್ನೆ ಮಾಡಿದರು. ಉಳಿದಿದ್ದು ನಡುವಿನ ಎಂಟು ಸುತ್ತು. ಐದು ಜನ ಹೊಲಿದೆವು. ಕೊನೆಯ ಕಿಂಡಿ ಮುಚ್ಚುವ ಮೊದಲು ಅವ್ವ ಮಾಡುತ್ತಿದ್ದಂತೆ ಒಣ ಜೋಳದ ರೊಟ್ಟಿಯ ಚೂರೊಂದನ್ನು ಒಳಗಿಟ್ಟೆ. ಕೌದಿಯ ಹೊಟ್ಟೆ ಬರಿದಾಗಿರಬಾರದು ಎಂಬುದು ಅವಳ ಲೆಕ್ಕ. ಈಗ ಅದನ್ನು ಮಗಳು ಹೊದೆಯುತ್ತಿದ್ದಾಳೆ.

ಕುಂಚಿಗೆಯನ್ನು ಯಾವ ಕೂಸಿಗೆಂದು ಕತ್ತರಿಸಿದ್ದೆನೋ ಆ ಹುಡುಗ ಈಗ ಎಂಟನೆಯ ತರಗತಿಯಲ್ಲಿದ್ದಾನೆ. ಅದು ಅವನ ಚಿಕ್ಕಮ್ಮನ ಕೂಸಿನ ತೊಟ್ಟಿಲ ಸಮಾರಂಭಕ್ಕೆ ಹೋಯಿತು, ಅವನು ತಲೆಗೆ ಹಾಕಿಕೊಂಡು ಫೋಟೊ ತೆಗೆಸಿಕೊಂಡ ಮೇಲೆ. ವರಾಂಡದಲ್ಲಿ ಕೂಡುತ್ತಿದ್ದವರಲ್ಲಿ ಯಾರೋ ಒಬ್ಬರ ಹಿತ್ತಾಳೆಯ ಬೆರಳುಟೋಪಿಯೂ ಅರ್ಧ ಸುತ್ತಿದ ನೀಲಿ ದಾರದ ಉಂಡೆಯೂ ನಮ್ಮ ಮನೆಯಲ್ಲೇ ಉಳಿದಿವೆ. ದಯವಿಟ್ಟು ಬಂದು ಒಯ್ಯಬೇಕು. ಮೂರು ಗಂಟೆಗೆ ಬಂದರೆ ಚಹಾ ಇರುತ್ತದೆ.