ಕ್ರೋಬೊ ಮಣಿಯ ಅಂಕುಡೊಂಕು ದೋಷವಲ್ಲ

ಮಾನ್ಯರೇ,

ಕರಕುಶಲ ಮೇಳಗಳ ವರದಿಗಳಲ್ಲಿ ಘಾನಾದ ಗಾಜಿನ ಮಣಿಗಳನ್ನು ‘ಆಫ್ರಿಕನ್ ಕಲ್ಲು’ ಎಂದೋ ‘ಬಣ್ಣ ಬಳಿದ ಮಣಿ’ ಎಂದೋ ಬರೆಯುವುದು ಕಾಣುತ್ತದೆ. ಕೊಳ್ಳುವವರು ಅಂಕುಡೊಂಕು ನೋಡಿ ‘ಸೆಕೆಂಡ್ಸ್ ಮಾಲು’ ಎಂದು ಬೆಲೆ ಇಳಿಸುತ್ತಾರೆ. ಎರಡೂ ತಪ್ಪು. ಇದು ಹಳೆಯ ಬಾಟಲಿಯನ್ನು ಪುಡಿಮಾಡಿ ಸುಟ್ಟ ಗಾಜು, ಘಾನಾದ ಒಡುಮಾಸೆ ಊರಿನ ಸುತ್ತಲಿನ ಕ್ರೋಬೊ ಜನರ ಕಸುಬು. ಅವರ ಹೆಣ್ಣುಮಕ್ಕಳು ಪ್ರಾಯಕ್ಕೆ ಬಂದಾಗ ನಡೆಯುವ ದಿಪೊ ಆಚರಣೆಯಲ್ಲಿ ಸೊಂಟಕ್ಕೆ, ಕೊರಳಿಗೆ ಸರಗಟ್ಟಲೆ ತೊಡುವುದು ಇವನ್ನೇ.

ಬಾಟಲಿಯನ್ನು ತೊಳೆದು, ಕಬ್ಬಿಣದ ಒರಳಿನಲ್ಲಿ ಕುಟ್ಟಿ, ಹಿಟ್ಟಿನಷ್ಟು ನುಣ್ಣಗೆ ಜರಡಿ ಹಿಡಿಯುತ್ತಾರೆ. ಜೇಡಿಮಣ್ಣಿನ ಅಚ್ಚಿನ ಗುಳಿಗಳಿಗೆ ಮೊದಲು ಕೆಯೊಲಿನ್ ಎಂಬ ಬಿಳಿಮಣ್ಣಿನ ತೆಳು ರಾಡಿ ಸವರಬೇಕು. ಅದು ತಪ್ಪಿದರೆ ಗಾಜು ಅಚ್ಚಿಗೇ ಕಚ್ಚಿಕೊಂಡು ಎರಡೂ ಹಾಳು. ಪ್ರತಿ ಗುಳಿಯ ನಡುವೆ ಮರಗೆಣಸಿನ ಎಲೆತೊಟ್ಟಿನ ತುಂಡೊಂದನ್ನು ನಿಲ್ಲಿಸಿ, ಸುತ್ತ ಬಣ್ಣಬಣ್ಣದ ಪುಡಿಯನ್ನು ಪದರ ಪದರವಾಗಿ ತುಂಬುತ್ತಾರೆ. ಹುತ್ತದ ಮಣ್ಣಿನ ಗೂಡಿನಲ್ಲಿ 650ರಿಂದ 850 ಡಿಗ್ರಿ ಸೆಲ್ಸಿಯಸ್ ಕಾವು, ಅರ್ಧ ಗಂಟೆಯ ಆಸುಪಾಸು; ದಪ್ಪ ಮಣಿಗೆ ಇನ್ನೂ ಹೆಚ್ಚು. ತೊಟ್ಟು ಸುಟ್ಟು ಬೂದಿಯಾದ ಜಾಗವೇ ತೂತು. ಯಾವ ಎರಡು ತೊಟ್ಟೂ ಒಂದೇ ದಪ್ಪ ಇರುವುದಿಲ್ಲ, ಹಾಗಾಗಿ ಯಾವ ಎರಡು ತೂತೂ ಒಂದೇ ಅಲ್ಲ.

ಕಾವು ಸಾಲದಿದ್ದರೆ ಮಣಿ ಸಕ್ಕರೆ ಅಚ್ಚಿನಂತೆ ತರಿತರಿಯಾಗಿ ಉದುರುತ್ತದೆ. ಮೀರಿದರೆ ಗೆರೆಗಳು ಹರಡಿ ತೂತು ಮುಚ್ಚಿಕೊಳ್ಳುತ್ತದೆ. ಬೇರೆ ಬೇರೆ ಜಾತಿಯ ಗಾಜು ಬೆರೆತರೆ ಆರುವಾಗ ಒಂದೊಂದು ಒಂದೊಂದಷ್ಟು ಕುಗ್ಗಿ ಬಿರುಕು ಬಿಡುತ್ತದೆ. ಬಿಸಿ ಅಚ್ಚನ್ನು ಗಾಳಿಗೆ ಒಡ್ಡಿದರೂ ಅದೇ ಗತಿ. ಪಾರದರ್ಶಕ ಮಣಿಯ ಕ್ರಮ ಬೇರೆ. ಅದಕ್ಕೆ ಪುಡಿಯಲ್ಲ, ಒಡೆದ ಚೂರು, ತೊಟ್ಟೂ ಇಲ್ಲ. ಗೂಡಿನಿಂದ ತೆಗೆದು ಗಾಜು ಮೆತ್ತಗಿರುವಾಗಲೇ ಕಬ್ಬಿಣದ ಮೊನೆಯಿಂದ ಚುಚ್ಚಿ ತಿರುಗಿಸುತ್ತಾರೆ. ಚಿತ್ರದ ಮಣಿಯಲ್ಲಿ ಗಾಜಿನ ಪುಡಿಯನ್ನೇ ನೀರಲ್ಲಿ ಕಲಸಿ ಗೆರೆ ಎಳೆದು ಮತ್ತೊಮ್ಮೆ ಸುಡುತ್ತಾರೆ. ಕೊನೆಗೆ ಕಲ್ಲಿನ ಮೇಲೆ ಮರಳು, ನೀರು ಹಾಕಿ ಕೈಯಲ್ಲಿ ಉಜ್ಜುವುದು. ಆ ಮಂದ ಹೊಳಪಿಗೇ ನಾವು ಮರುಳಾಗುವುದು!

ಸರ ಕಟ್ಟುವವರಿಗೆ ಒಂದು ಮಾತು. ತೂತಿನ ಒಳಗೋಡೆ ಒರಟು. ಕರಿಮಣಿಗೆ ಬಳಸುವ ಸಣ್ಣ ನೂಲು ಇಲ್ಲಿ ತಿಂಗಳುಗಳಲ್ಲಿ ತೇಯ್ದು ಹೋಗುತ್ತದೆ, ಗೇರ್ ವೈರ್ ಎಂಬ ಸರ ಕಟ್ಟುವ ಉಕ್ಕಿನ ತಂತಿಯ ಮೇಲಿನ ನೈಲಾನ್ ಹೊದಿಕೆ ಕೂಡ ಸುಲಿಯುತ್ತದೆ. ಮೇಣ ಹಚ್ಚಿದ 1 ಮಿ.ಮೀ. ಹತ್ತಿ ದಾರ ಅಥವಾ ತೊಗಲಿನ ಹುರಿ ಹಾಕಿ, ಮಣಿ ಮಣಿಯ ನಡುವೆ ಗಂಟು ಕಟ್ಟಿ. ಗಾಜಿಗೆ ಗಾಜು ತಾಗಿ ಅಂಚು ಚಕ್ಕೆ ಏಳುವುದಿಲ್ಲ. ಗಂಟು ತೂತಿನೊಳಗೆ ಜಾರಿದರೆ ನಡುವೆ ಹಿತ್ತಾಳೆಯ ಚಿಕ್ಕ ಬಿಲ್ಲೆ ಸೇರಿಸಿ. ಒಳಗೆ ಅಂಟಿದ ಬಿಳಿಪುಡಿ ಆ ಕೆಯೊಲಿನ್ನೇ, ಬೂಷ್ಟಲ್ಲ. ನೀರಿನೊಳಗೆ ಹಿಡಿದು ಸಣ್ಣ ಬ್ರಷ್‌ನಿಂದ ತಿಕ್ಕಿ. ತೂತು ಅಗಲ ಮಾಡಬೇಕಾದರೂ ಡೈಮಂಡ್ ಅರವನ್ನು ನೀರಲ್ಲೇ ಆಡಿಸಿ. ಒಣಗಿದ ಗಾಜಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ನಕಲಿಯ ಅನುಮಾನವಿದ್ದರೆ ಉಗುರುಬಣ್ಣ ತೆಗೆಯುವ ದ್ರವವನ್ನು ಹತ್ತಿಗೆ ತಾಗಿಸಿ ಚಿತ್ರದ ಮೇಲೆ ಒರೆಸಿ. ಸುಟ್ಟ ಗಾಜಿನ ಗೆರೆ ಕದಲುವುದಿಲ್ಲ, ಬಳಿದ ಬಣ್ಣ ಹತ್ತಿಗೆ ಬರುತ್ತದೆ.

ಪಶ್ಚಿಮ ಆಫ್ರಿಕಾದ ಮಣಿಗಳೆಲ್ಲ ಒಂದೇ ಅಲ್ಲ. ನೈಜೀರಿಯಾದ ಬಿಡಾದಲ್ಲಿ ಕರಗಿದ ಗಾಜನ್ನು ಕಬ್ಬಿಣದ ಸಲಾಕೆಗೆ ಸುತ್ತುತ್ತಾರೆ, ಮಾರಿಟೇನಿಯಾದ ಕಿಫಾದಲ್ಲಿ ಹೆಂಗಸರು ಸೂಜಿಮೊನೆಯಿಂದ ಪುಡಿ ಕೂರಿಸುತ್ತಾರೆ. ‘ಆಫ್ರಿಕನ್ ಟ್ರೇಡ್ ಬೀಡ್’ ಎಂದು ಮಾರುವ ಹಳೆಯ ಪಟ್ಟೆಮಣಿಗಳಲ್ಲಿ ಬಹಳಷ್ಟು ವೆನಿಸ್‌ನಲ್ಲಿ ತಯಾರಾದವು. ಆದ್ದರಿಂದ ಮುಂದಿನ ಮೇಳದ ವರದಿಯಲ್ಲಿ ಊರಿನ ಹೆಸರನ್ನೂ ಕೇಳಿ ಬರೆಯಬೇಕೆಂದು ನಿಮ್ಮ ವರದಿಗಾರರಲ್ಲಿ ವಿನಂತಿ.

– ಮಣಿಸರ ಕಟ್ಟುವ ಓದುಗರು, ಧಾರವಾಡ