ಮೋಟಾರ್ ಬಿಚ್ಚುವ ಮುಂಚೆ ಇದನ್ನು ಓದು

ಹಾಸನ
ಭಾನುವಾರ

ಚಿ. ಪುಟ್ಟನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ರೋಬೋಟಿನ ತೋಳು ಭಾರ ಎತ್ತುತ್ತಿಲ್ಲ, ಅದಕ್ಕೆ 12 ವೋಲ್ಟಿನ ಮೋಟಾರಿಗೆ 18 ವೋಲ್ಟ್ ಕೊಡುತ್ತೇವೆ, ಅದೂ ಆಗದಿದ್ದರೆ ಬಿಚ್ಚಿ ಬೇರೆ ತಂತಿ ಸುತ್ತುತ್ತೇವೆ ಅಂದೆ. ಅರ್ಧಂಬರ್ಧ ಮಾತಾಡುವುದಕ್ಕಿಂತ ಬರೆಯುವುದೇ ವಾಸಿ ಅಂತ ಕೂತಿದ್ದೇನೆ. ಇಷ್ಟು ವರ್ಷ ಐಟಿಐ ಮಕ್ಕಳಿಗೆ ವೈಂಡಿಂಗ್, ಅಂದರೆ ಮೋಟಾರಿಗೆ ತಂತಿ ಸುತ್ತುವುದನ್ನು, ಹೇಳಿಕೊಟ್ಟವಳು ನಾನು. ಈ ಒಂದು ವಿಷಯದಲ್ಲಿ ನನ್ನ ಮಾತು ಕೇಳು ಮಗಾ. ಮೋಟಾರಿನ ಹೊಟ್ಟೆಗೆ ಕೈ ಹಾಕಬೇಡ. ಬೇಕಾದ್ದನ್ನೆಲ್ಲ ಗೇರ್‌ಬಾಕ್ಸಿನಲ್ಲಿ ಮಾಡು.

ಯಾಕೆ ಅಂತ ಕೇಳು. ತೋಳು ಜಾಮ್ ಆಗಿ ನಿಂತಾಗ ನಿನ್ನ ಮೋಟಾರ್ 10 ಆಂಪಿಯರ್ ಎಳೆಯುತ್ತದೆ ಅಂದೆಯಲ್ಲ. 12 ವೋಲ್ಟಿಗೆ ಅದು 120 ವ್ಯಾಟ್. ಮೋಟಾರ್ ತಿರುಗುತ್ತಿಲ್ಲ, ಹಾಗಾಗಿ ಅಷ್ಟೂ ಶಾಖವೇ. 18 ವೋಲ್ಟ್ ಕೊಟ್ಟರೆ ಕರೆಂಟ್ 15 ಆಂಪಿಯರ್ ಆಗುತ್ತದೆ, ಶಾಖ 270 ವ್ಯಾಟ್. ವೋಲ್ಟೇಜ್ ಏರಿದ್ದು ಒಂದೂವರೆ ಪಟ್ಟು, ಶಾಖ ಏರಿದ್ದು ಎರಡೂಕಾಲು ಪಟ್ಟು. ನೀನು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥ ಹತ್ತು ಐರನ್ ಹಿಡಿದು ಮುಷ್ಟಿಯಷ್ಟು ಡಬ್ಬಿಯೊಳಗೆ ತುರುಕಿದ ಹಾಗಾಯಿತು. ತಂತಿಯ ಮೇಲಿನ ಎನಾಮಲ್ ಲೇಪ ಎಷ್ಟು ಹೊತ್ತು ತಡೆದೀತು? ನಮ್ಮ ಕಡೆ ಆಲೂಗಡ್ಡೆ ಹೊಲದ ಪಂಪ್‌ಸೆಟ್ ವೋಲ್ಟೇಜ್ ಕಮ್ಮಿಯಾಗಿ ಸುಡುತ್ತದೆ, ನಿನ್ನ ಡಿಸಿ ಮೋಟಾರ್ ಜಾಸ್ತಿಯಾಗಿ ಸುಡುತ್ತದೆ. ಎರಡನ್ನೂ ಸುಡುವುದು ಕರೆಂಟೇ.

ಬಿಚ್ಚುವ ಯೋಚನೆಯಂತೂ ಬಿಟ್ಟೇಬಿಡು. ಹಿಂದಿನ ಮುಚ್ಚಳ ಎತ್ತಿದ ಕೂಡಲೇ, ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್ಷಿನ ಸ್ಪ್ರಿಂಗ್ ಜಾಗ ಬಿಡುತ್ತದೆ. ಮ್ಯಾಗ್ನೆಟ್ ಟೇಬಲ್ ಮೇಲಿನ ಕಬ್ಬಿಣದ ಪುಡಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಆ ಪುಡಿ ಒಳಗೆ ತಿರುಗುತ್ತಾ ಎನಾಮಲ್ ಕೆರೆಯುತ್ತದೆ. ಸ್ಪರ್ಧೆಯ ನಿಯಮವನ್ನೂ ನೋಡು. ಫಸ್ಟ್ ರೋಬೋಟಿಕ್ಸ್ ಸ್ಪರ್ಧೆಯಲ್ಲಿ ಶಾಫ್ಟ್, ಅಂದರೆ ಮೋಟಾರಿನ ತಿರುಗುವ ಕಂಬಿ, ಕತ್ತರಿಸಬಹುದು, ವೈರ್ ಗಿಡ್ಡ ಮಾಡಬಹುದು, ಆದರೆ ಮೋಟಾರಿನ ಒಳಭಾಗ ಮುಟ್ಟುವ ಹಾಗಿಲ್ಲ. ವೆಕ್ಸ್ ಅನ್ನುವ ರೋಬೋಟ್ ಕಿಟ್ಟಿನ ವಿ5 ಮೋಟಾರಿನಲ್ಲಿ ಗೇರ್ ಕಾರ್ಟ್ರಿಜ್ (ಗೇರುಗಳಿರುವ ಪುಟ್ಟ ಡಬ್ಬಿ) ಬದಲಿಸಿದರೆ ಸಾಕು, ನಿಮಿಷಕ್ಕೆ 100, 200 ಅಥವಾ 600 ಸುತ್ತು ಸಿಗುತ್ತದೆ. ಮೋಟಾರ್ ಅದೇ. ನಿಮ್ಮ ಸ್ಪರ್ಧೆಯ ನಿಯಮದ ಪುಸ್ತಕದಲ್ಲಿ ವೋಲ್ಟೇಜ್ ಮಿತಿ ಎಷ್ಟಿದೆ ಅಂತ ಇವತ್ತೇ ಓದಿ ನನಗೆ ತಿಳಿಸು.

ಈಗ ಗೇರ್‌ಬಾಕ್ಸ್. ನಿನ್ನದು ಪ್ಲಾನೆಟರಿ, ಅಂದರೆ ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ಸುತ್ತುವಂಥದ್ದು, ಅಲ್ವಾ? ನಡುವಿನ ಸನ್ ಗೇರಿಗೆ 12 ಹಲ್ಲು, ಹೊರಗಿನ ರಿಂಗ್ ಗೇರಿಗೆ 36 ಹಲ್ಲು ಇದ್ದರೆ 36 ಭಾಗಿಸು 12, ಅದಕ್ಕೆ ಒಂದು ಕೂಡಿಸು. ಒಂದು ಹಂತಕ್ಕೆ ನಾಲ್ಕು ಪಟ್ಟು. ಎರಡು ಹಂತಕ್ಕೆ 16, ಮೂರಕ್ಕೆ 64. ವೇಗ ಅಷ್ಟು ಇಳಿಯುತ್ತದೆ, ಟಾರ್ಕ್, ಅಂದರೆ ತಿರುಗಿಸುವ ಬಲ, ಏರುತ್ತದೆ, ಹಂತಹಂತಕ್ಕೂ ಒಂದಿಷ್ಟು ತಿಕ್ಕಾಟದಲ್ಲಿ ಹೋಗುತ್ತದೆ. ತೋಳಿನ ಭಾರ ಹೊರುವಾಗ ಮೋಟಾರ್ ತನ್ನ ಸ್ಟಾಲ್ ಕರೆಂಟಿನ (ಜಾಮ್ ಆಗಿ ನಿಂತಾಗ ಎಳೆಯುವ ಕರೆಂಟಿನ) ಕಾಲು ಭಾಗದ ಆಸುಪಾಸು ಎಳೆಯಬೇಕು, ಆ ಲೆಕ್ಕಕ್ಕೆ ಗೇರ್ ಆರಿಸಿಕೋ. ತೋಳು ನಿಧಾನವಾಗುತ್ತದೆ, ಆಗಲಿ. ಇಲ್ಲಿ ಹುಡುಗರು ಎಡವುವುದು ಬೇರೆ ಕಡೆ. ಒಂದು ಹಂತ ಜಾಸ್ತಿ ಹಾಕಿದರೆ ಕೊನೆಯ ಹಂತದ ಹಲ್ಲೇನೂ ದಪ್ಪ ಆಗುವುದಿಲ್ಲ. ಹೊಸದಾಗಿ ಹುಟ್ಟಿದ ಟಾರ್ಕ್ ಅಷ್ಟೂ ಅದೇ ಹಲ್ಲಿನ ಮೇಲೆ ಬೀಳುತ್ತದೆ. ಮೋಟಾರ್ ಸ್ಟಾಲ್ ಆಗುವ ಮುಂಚೆಯೇ ಹಲ್ಲು ಮುರಿಯಬಹುದು. ಗೇರ್‌ಬಾಕ್ಸ್ ಎಷ್ಟು ಟಾರ್ಕ್ ತಡೆಯುತ್ತದೆ ಅಂತ ಡೇಟಾಶೀಟಿನಲ್ಲಿ ನೋಡಿಯೇ ಹಂತ ಸೇರಿಸು.

ಸ್ಕ್ರೂ ವಿಷಯ ಸ್ವಲ್ಪ ನಿಧಾನವಾಗಿ ಓದು. ಮೋಟಾರಿನ ಮುಖದ ಮೇಲೆ ಎಂ3 ತೂತುಗಳಿವೆಯಲ್ಲ, ಅವು ಬಹಳ ಮೋಟಾರುಗಳಲ್ಲಿ ಈಚೆಯಿಂದ ಒಳಗಿನವರೆಗೂ ತೂರಿರುತ್ತವೆ. ತೂತಿನ ಹಿಂದೆಯೇ ವೈಂಡಿಂಗ್ ತಿರುಗುತ್ತಿರುತ್ತದೆ. ಪ್ಲೇಟ್ ತೆಳು ಇದ್ದು ಸ್ಕ್ರೂ ಬೇಕಾದ್ದಕ್ಕಿಂತ ಎರಡೇ ಮಿಲಿಮೀಟರ್ ಹೆಚ್ಚು ಉದ್ದ ಆದರೂ ತುದಿ ಒಳಗೆ ಇಣುಕಿ ತಂತಿ ಕೊಯ್ದುಬಿಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಮೋಟಾರ್ ಕೆಟ್ಟದ್ದು ಬಂತು ಅಂತ ಸುಮ್ನೆ ಅಂಗಡಿಯವರನ್ನು ಬೈಯುತ್ತೀರಿ. ತೂತಿನ ಆಳ ಅಳೆ, ಪ್ಲೇಟಿನ ದಪ್ಪ ಕೂಡಿಸು, ಅದಕ್ಕಿಂತ ಕಮ್ಮಿ ಉದ್ದದ ಸ್ಕ್ರೂ ಹಾಕು. ಮೊದಲು ಕೈಯಲ್ಲಿ ಬಿಗಿ ಮಾಡಿ ಶಾಫ್ಟ್ ತಿರುಗಿಸಿ ನೋಡು. ಎಲ್ಲೂ ತಡೆಯಬಾರದು.

ಪಿನಿಯನ್, ಅಂದರೆ ಮೋಟಾರಿನ ಶಾಫ್ಟಿಗೆ ಹಾಕುವ ಚಿಕ್ಕ ಗೇರ್, ಕೂರಿಸುವಾಗ ಸುತ್ತಿಗೆ ಮುಟ್ಟಬೇಡ. ಆ ಏಟು ನೇರ ಹಿಂದಿನ ಮುಚ್ಚಳದಲ್ಲಿ ಶಾಫ್ಟ್ ಕೂರುವ ಬಳೆ, ಆ ಬುಷ್ ಮೇಲೆ ಹೋಗುತ್ತದೆ. ಶಾಫ್ಟಿನ ಹಿಂತುದಿಗೆ ಆಸರೆ ಕೊಟ್ಟು ಪ್ರೆಸ್ಸಿನಲ್ಲೇ ಒತ್ತಬೇಕು. ಶಾಫ್ಟಿನ ಒಂದು ಬದಿ ಚಪ್ಪಟೆ ಮಾಡುವುದಿದ್ದರೆ ಮೋಟಾರಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಶಾಫ್ಟ್ ಸುತ್ತ ಟೇಪ್ ಹಾಕಿ ಆಮೇಲೆ ಅರ ಹಿಡಿ. ಸ್ಕ್ರೂ ಸಡಿಲ ಆಗದಿರಲಿ ಅಂತ ಹಾಕುವ ಆ ಅಂಟು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿಗೆ ತಾಗಿದರೆ ಬಿರುಕು ಬಿಡಿಸುತ್ತದೆ, ನೆನಪಿರಲಿ.

ಇನ್ನು ಕೈಕಾಲಿನ ಮಾತು. ಗೇರಿಗೆ ಬೆರಳು ಯಾರದು ಅಂತ ಗೊತ್ತಿಲ್ಲ. 64 ಪಟ್ಟು ಇಳಿಸಿದ ಮೋಟಾರ್ ಮೆಲ್ಲಗೆ ತಿರುಗುತ್ತದೆ, ಆದರೆ ಸಿಕ್ಕಿದ್ದನ್ನು ಬಿಡುವುದಿಲ್ಲ. ಸ್ವಿಚ್ ಆಫ್ ಮಾಡಿದರೆ ಸಾಲದು, ಬ್ಯಾಟರಿ ಕನೆಕ್ಟರ್ ಕಿತ್ತು ಎಲ್ಲರಿಗೂ ಕಾಣುವ ಹಾಗೆ ಟೇಬಲ್ ಮೇಲಿಡು. ತೋಳನ್ನು ಪೂರ್ತಿ ಕೆಳಗಿಳಿಸಿ, ಆಗದಿದ್ದರೆ ಹಗ್ಗದಲ್ಲಿ ಕಟ್ಟಿ, ಆಮೇಲೆ ಗೇರ್‌ಬಾಕ್ಸ್ ಬಿಚ್ಚು. ಎತ್ತಿಟ್ಟ ತೋಳನ್ನು ಹಿಡಿದಿರುವುದೇ ಆ ಗೇರು. ಅದು ಕಳಚಿದರೆ ತೋಳು ಕೆಳಗೆ ಕೂತವರ ತಲೆ ಮೇಲೆ. ಡ್ರಿಲ್ಲಿಂಗ್ ಮೆಷಿನ್ ಹತ್ತಿರ ಕನ್ನಡಕ ಹಾಕು, ಗ್ಲೌಸ್ ಹಾಕಬೇಡ, ಬಟ್ಟೆಯ ಗ್ಲೌಸ್ ಸುತ್ತಿಕೊಂಡರೆ ಕೈಯನ್ನೂ ಎಳೆಯುತ್ತದೆ. ನಿಮ್ಮ ತಂಡದ ಹುಡುಗಿಯರು ಜಡೆ ಮೇಲೆ ಕಟ್ಟಲಿ, ವೇಲ್ ತೆಗೆದಿಡಲಿ. ನೀನು ಐಡಿ ಕಾರ್ಡಿನ ದಾರ ಕುತ್ತಿಗೆಯಲ್ಲಿ ನೇತುಹಾಕಿಕೊಂಡೇ ಬಗ್ಗುತ್ತೀಯ, ಫೋಟೋದಲ್ಲಿ ನೋಡಿದೆ. ಅದನ್ನೂ ತೆಗೆ. ಲಿಪೋ ಬ್ಯಾಟರಿ ಉಬ್ಬಿದ್ದರೆ ಇನ್ನೊಂದು ಸಲ ಚಾರ್ಜಿಗೆ ಹಾಕಲೇಬೇಡ, ರಾತ್ರಿ ಹಾಸ್ಟೆಲಿನಲ್ಲಿ ಚಾರ್ಜಿಗಿಟ್ಟು ಮಲಗಲೂ ಬೇಡ.

ಮೋಟಾರ್ ಲೈನಿಗೆ ಸರಿಯಾದ ಫ್ಯೂಸ್ ಹಾಕಿದ್ದೀರಾ? ಅದನ್ನು ನೀನು ಹೇಳಲೇ ಇಲ್ಲ.

ಶನಿವಾರ ಚಿಕ್ಕಮಗಳೂರಿನಿಂದ ಬೆಳಗ್ಗೆಯ ಬಸ್ಸಿಗೇ ಹೊರಡು. ಗೇರ್‌ಬಾಕ್ಸ್, ಪಿನಿಯನ್, ಡೇಟಾಶೀಟ್ ಮೂರೂ ತಗೊಂಡು ಬಾ. ಇಲ್ಲಿ ಬಿ.ಎಂ. ರಸ್ತೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯ ವರ್ಕ್‌ಶಾಪಿದೆ, ಪ್ರೆಸ್ ಇದೆ. ಮಾತಾಡಿಟ್ಟಿದ್ದೇನೆ, ಮಧ್ಯಾಹ್ನದೊಳಗೆ ಒತ್ತಿಸಿಕೊಂಡು ಬರೋಣ. ತೋಳಿನ ಉದ್ದ ಎಷ್ಟು, ತುದಿಯಲ್ಲಿ ಎಷ್ಟು ಕೆಜಿ ಎತ್ತಬೇಕು, ಇವೆರಡನ್ನು ಅಳೆದು ಬರೆದುಕೊಂಡು ಬಾ. ಅದಿಲ್ಲದೆ ಗೇರ್ ಲೆಕ್ಕ ಹಾಕಲು ಆಗುವುದಿಲ್ಲ.

ಇತಿ,
ನಿನ್ನ ದೊಡ್ಡಮ್ಮ