ಲ್ಯಾಬಿನ ಕಂಪ್ಯೂಟರುಗಳ ವಿಷಯವಾಗಿ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಲೇಜಿನ ಲ್ಯಾಬಿನ ಉಬುಂಟು ಕಂಪ್ಯೂಟರುಗಳನ್ನೆಲ್ಲ ಸಜ್ಜುಗೊಳಿಸುವ ಹೊಣೆ ನಿನ್ನ ಪಾಲಿಗೆ ಬಂದಿರುವುದನ್ನು ಓದಿ ಸಂತೋಷವಾಯಿತು. ನೀನು ಬರೆದ ಶೆಲ್ ಸ್ಕ್ರಿಪ್ಟು (ಒಂದಾದ ಮೇಲೊಂದು ಓಡುವ ಆಜ್ಞೆಗಳ ಪಟ್ಟಿ) ಹೊಸ ಯಂತ್ರದಲ್ಲಿ ಸರಾಗವಾಗಿ ಓಡಿ, ಅದೇ ಯಂತ್ರದಲ್ಲಿ ಮತ್ತೊಮ್ಮೆ ಓಡಿಸಿದರೆ ನಡುವೆಯೇ ನಿಲ್ಲುತ್ತದೆ ಎಂದಿದ್ದೀಯೆ. ಹಲವು ಯಂತ್ರಗಳನ್ನು ಒಟ್ಟಿಗೆ ಸಜ್ಜುಗೊಳಿಸುವ ಸಾಧನಗಳಾದ ಪಪೆಟ್, ಶೆಫ್, ಸಾಲ್ಟ್, ಆನ್ಸಿಬಲ್‌ಗಳಲ್ಲಿ ಯಾವುದನ್ನು ಕಲಿಯಲಿ ಎಂದೂ ಕೇಳಿದ್ದೀಯೆ. ಎರಡನೆಯದಕ್ಕೆ ಉತ್ತರ ಸುಲಭ: ಆನ್ಸಿಬಲ್ ಕಲಿ. ಪಪೆಟ್ಟನ್ನು ಸಾಮಾನ್ಯವಾಗಿ ಬಳಸುವ ಕ್ರಮದಲ್ಲಿ ಪ್ರತಿ ಯಂತ್ರದಲ್ಲೂ ಏಜೆಂಟ್ ಎಂಬ ಒಂದು ಪ್ರೋಗ್ರಾಂ ಇದ್ದು, ಅದು 30 ನಿಮಿಷಕ್ಕೊಮ್ಮೆ ಸರ್ವರನ್ನು ವಿಚಾರಿಸುತ್ತಿರುತ್ತದೆ; ಆನ್ಸಿಬಲ್ಲಿಗಾದರೆ ಎದುರಿನ ಯಂತ್ರದಲ್ಲಿ ಎಸ್‌ಎಸ್‌ಎಚ್ (ದೂರದಿಂದ ಯಂತ್ರದೊಳಗೆ ಹೋಗುವ ದಾರಿ) ಮತ್ತು ಪೈಥಾನ್ ಭಾಷೆ ಇದ್ದರೆ ಸಾಕು. ಒಬ್ಬಳೇ ನೋಡಿಕೊಳ್ಳುವ ಲ್ಯಾಬಿಗೆ ಅದೇ ಹಗುರ.

ಆದರೆ ನಿಜವಾದ ಪಾಠವಿರುವುದು ನಿನ್ನ ಸ್ಕ್ರಿಪ್ಟು ನಿಂತುಹೋದ ಕಡೆಯಲ್ಲಿ. ಡೈರೆಕ್ಟರಿಯೊಂದನ್ನು ಸೃಷ್ಟಿಸು ಎಂಬ ಆಜ್ಞೆ, ಆ ಡೈರೆಕ್ಟರಿ ಆಗಲೇ ಇದ್ದರೆ ದೋಷ ತೋರಿಸುತ್ತದೆ. ಫೈಲಿನ ಕೊನೆಗೆ ಒಂದು ಸಾಲು ಸೇರಿಸು ಎಂಬ ಆಜ್ಞೆ ಇನ್ನೂ ಕೆಟ್ಟದ್ದು. ಅದು ಏನೂ ಹೇಳದೆ ಪ್ರತಿ ಸಲವೂ ಅದೇ ಸಾಲನ್ನು ಸೇರಿಸುತ್ತಲೇ ಹೋಗುತ್ತದೆ. ತೊಟ್ಟಿಗೆ ಹತ್ತು ಕೊಡ ನೀರು ಸುರಿ ಎನ್ನುವುದಕ್ಕೂ ತೊಟ್ಟಿ ತುಂಬಿರಲಿ ಎನ್ನುವುದಕ್ಕೂ ಎಷ್ಟು ವ್ಯತ್ಯಾಸವಿದೆಯೋ, ಸ್ಕ್ರಿಪ್ಟಿಗೂ ಆನ್ಸಿಬಲ್ಲಿಗೆ ಬರೆದುಕೊಡುವ ಫೈಲಾದ ಪ್ಲೇಬುಕ್ಕಿಗೂ ಅಷ್ಟೇ ವ್ಯತ್ಯಾಸವಿದೆ. ಯಂತ್ರ ಯಾವ ಸ್ಥಿತಿಯಲ್ಲಿರಬೇಕೆಂದು ನೀನು ಬರೆಯಬೇಕು. ಈಗ ಹೇಗಿದೆಯೆಂದು ನೋಡಿ, ಕೊರತೆಯಿದ್ದಷ್ಟನ್ನು ಮಾತ್ರ ಸರಿಪಡಿಸುವುದು ಆನ್ಸಿಬಲ್ಲಿನ ಕೆಲಸ. ಇದೇನೂ ನಿನ್ನೆ ಮೊನ್ನೆಯ ವಿಚಾರವಲ್ಲ. ಓಸ್ಲೋ ವಿಶ್ವವಿದ್ಯಾಲಯದಲ್ಲಿ ಬಗೆಬಗೆಯ ಯೂನಿಕ್ಸ್ ಯಂತ್ರಗಳನ್ನು ನೋಡಿಕೊಳ್ಳಬೇಕಾಗಿ ಬಂದಾಗ ಮಾರ್ಕ್ ಬರ್ಜೆಸ್ 1993ರಲ್ಲಿ ಸಿಎಫ್‌ಎಂಜಿನ್ ಎಂಬ ಇಂಥದೇ ಸಾಧನ ರಚಿಸಿದರು. 2005ರ ಪಪೆಟ್ಟೂ, 2012ರಲ್ಲಿ ಮೈಕೇಲ್ ಡಿಹಾನ್ ಹೊರತಂದ ಆನ್ಸಿಬಲ್ಲೂ ಬಂದಿರುವುದು ಅದೇ ದಾರಿಯಲ್ಲಿ. ಆದ್ದರಿಂದ ಈ ಒಂದು ವಿಚಾರ ಮನಸ್ಸಿಗೆ ಹತ್ತಿದರೆ ಮುಂದೆ ಯಾವ ಕಚೇರಿಯಲ್ಲಿ ಯಾವ ಸಾಧನ ಎದುರಾದರೂ ನಿನಗೆ ಕಷ್ಟವಾಗದು.

ಪರೀಕ್ಷಿಸುವುದಕ್ಕೆ ಒಂದೇ ಕ್ರಮವಿದೆ. ಪ್ಲೇಬುಕ್ಕನ್ನು ಎರಡು ಸಲ ಓಡಿಸು. ಎರಡನೆಯ ಸಲ ಕೊನೆಯ ವರದಿಯಲ್ಲಿ 'ಚೇಂಜ್ಡ್' ಎಂಬುದರ ಮುಂದೆ ಸೊನ್ನೆ ಬರಬೇಕು. ಬಾರದಿದ್ದರೆ ಬಹುಪಾಲು ಸಲ ಎಲ್ಲೋ ಶೆಲ್ ಮಾಡ್ಯೂಲ್ (ಶೆಲ್ ಆಜ್ಞೆಯನ್ನು ಹಾಗೆಯೇ ಓಡಿಸುವ ಆನ್ಸಿಬಲ್ಲಿನ ಭಾಗ) ಬಳಸಿರುತ್ತೀಯೆ; ನೀನು ಕೊಟ್ಟ ಆಜ್ಞೆಯ ಒಳಗೇನಿದೆಯೆಂದು ಅದಕ್ಕೆ ತಿಳಿಯದಾದ್ದರಿಂದ ಓಡಿದಾಗಲೆಲ್ಲ ಬದಲಾವಣೆಯಾಯಿತು ಎಂದೇ ಹೇಳುತ್ತದೆ. ಹಳೆಯ ಸ್ಕ್ರಿಪ್ಟಿನ ಸಾಲುಗಳನ್ನೆಲ್ಲ ಆ ಮಾಡ್ಯೂಲಿನೊಳಗೆ ತುರುಕಿ ಪ್ಲೇಬುಕ್ ಬರೆದೆನೆಂದುಕೊಳ್ಳುವವರನ್ನು ಬಹಳ ನೋಡಿದ್ದೇನೆ. ಪ್ಯಾಕೇಜಿಗೆ (ಅಂದರೆ ಹಾಕಬೇಕಾದ ತಂತ್ರಾಂಶಕ್ಕೆ), ಬಳಕೆದಾರರಿಗೆ, ಫೈಲಿಗೆ, ಸರ್ವಿಸಿಗೆ ಬೇರೆಬೇರೆ ಮಾಡ್ಯೂಲುಗಳಿವೆ; ಅವನ್ನೇ ಬಳಸು. ಶೆಲ್ ಬೇಕೇ ಬೇಕೆಂದಾದರೆ, ಆ ಆಜ್ಞೆಯಿಂದ ಯಾವ ಫೈಲ್ ಹುಟ್ಟುತ್ತದೆಂಬುದನ್ನು 'ಕ್ರಿಯೇಟ್ಸ್' ಎಂಬಲ್ಲಿ ತಿಳಿಸು. ಆ ಫೈಲ್ ಇದ್ದರೆ ಆನ್ಸಿಬಲ್ ಆ ಕೆಲಸವನ್ನು ಬಿಟ್ಟು ಮುಂದೆ ಹೋಗುತ್ತದೆ.

ಇನ್ನೊಂದು ವಿಷಯದಲ್ಲಿ ಹೊಸಬರು ತಪ್ಪದೆ ಎಡವುತ್ತಾರೆ. ಪ್ಲೇಬುಕ್ಕಿನಿಂದ ಒಂದು ಪ್ಯಾಕೇಜಿನ ಹೆಸರನ್ನು ಅಳಿಸಿಬಿಟ್ಟರೆ ಆ ಪ್ಯಾಕೇಜ್ ಯಂತ್ರದಿಂದ ಹೋಗುವುದಿಲ್ಲ. ನೀನು ಹೇಳದೇ ಬಿಟ್ಟದ್ದನ್ನು ಆನ್ಸಿಬಲ್ ಮುಟ್ಟುವುದೇ ಇಲ್ಲ. ಬೇಡವಾದದ್ದು ಇರಬಾರದು ಎಂಬುದನ್ನೂ 'ಆಬ್ಸೆಂಟ್' ಎಂದು ಬರೆದೇ ತಿಳಿಸಬೇಕು.

ಪ್ಲೇಬುಕ್ ಬರೆಯುವ ಶೈಲಿಯಾದ ಯಾಮಲ್‌ನಲ್ಲಿ ಸಾಲುಗಳನ್ನು ಒಳಸರಿಸಲು ಟ್ಯಾಬ್ ಬಳಸುವಂತಿಲ್ಲ, ಇದು ನಿನಗೆ ಗೊತ್ತಿರಬಹುದು. ಫೈಲಿನ ಅನುಮತಿಯನ್ನು (ಯಾರು ಓದಬಹುದು, ಯಾರು ಬದಲಿಸಬಹುದು ಎಂಬುದನ್ನು) ಮಾತ್ರ ಯಾವಾಗಲೂ ಉದ್ಧರಣ ಚಿಹ್ನೆಯೊಳಗೆ '0644' ಎಂದೇ ಬರೆ. ಬರಿದೇ 644 ಎಂದರೆ ಅದನ್ನು ಅಷ್ಟಮಾನದ ಬದಲು ದಶಮಾನ ಸಂಖ್ಯೆಯೆಂದು ತಿಳಿದು ಫೈಲಿಗೆ 1204 ಎಂಬ ವಿಚಿತ್ರ ಅನುಮತಿ ಬೀಳುತ್ತದೆ.

ಬರೆದುದನ್ನೆಲ್ಲ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನಲ್ಲಿ ಇಡು, ಪಾಸ್‌ವರ್ಡುಗಳನ್ನು ಮಾತ್ರ ಆನ್ಸಿಬಲ್ ವಾಲ್ಟಿನಿಂದ ಗೂಢಲಿಪಿ ಮಾಡಿದ ಮೇಲೆಯೇ ಸೇರಿಸು. ಒಮ್ಮೆ ಹಾಗೆಯೇ ಸೇರಿಸಿ ಆಮೇಲೆ ಅಳಿಸಿದರೂ ಹಳೆಯ ಕಮಿಟ್ಟುಗಳಲ್ಲಿ (ದಾಖಲೆಗಳಲ್ಲಿ) ಅದು ಉಳಿದಿರುತ್ತದೆ. ಆಗ ಪಾಸ್‌ವರ್ಡನ್ನೇ ಬದಲಿಸುವುದೊಂದೇ ಉಪಾಯ.

ಎಲ್ಲ ಯಂತ್ರಗಳ ಮೇಲೆ ಓಡಿಸುವ ಮುನ್ನ 'ಲಿಮಿಟ್' ಕೊಟ್ಟು ಒಂದರ ಮೇಲೆ ಮಾತ್ರ ಓಡಿಸಿ ನೋಡು, ಏಕೆಂದರೆ ಸರಿಯಾದದ್ದು ಎಷ್ಟು ಬೇಗ ಹರಡುತ್ತದೆಯೋ ತಪ್ಪೂ ಅಷ್ಟೇ ಬೇಗ, ಅದೂ ಯಂತ್ರದ ಪೂರ್ಣ ಹಿಡಿತವಾದ ರೂಟ್ ಅಧಿಕಾರದೊಂದಿಗೆ ಹರಡುತ್ತದೆ. 'ಚೆಕ್' ಮತ್ತು 'ಡಿಫ್' ಆಯ್ಕೆಗಳು ಏನೇನು ಬದಲಾಗಲಿದೆಯೆಂದು ಮೊದಲೇ ತೋರಿಸುತ್ತವೆ, ಆದರೆ ಶೆಲ್ ಕೆಲಸಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುವುದರಿಂದ ಆ ಮುನ್ನೋಟವನ್ನೇ ಪೂರ್ತಿ ನಂಬಿ ಕೂರಬೇಡ.

ಸೆಮಿಸ್ಟರ್ ರಜೆ ಬಂದಾಗ, ಮೇಷ್ಟರ ಒಪ್ಪಿಗೆ ಪಡೆದು, ಒಂದು ಕಂಪ್ಯೂಟರಿನ ಡಿಸ್ಕನ್ನು ಪೂರ್ತಿ ಅಳಿಸಿ, ಉಬುಂಟುವನ್ನು ಹೊಸದಾಗಿ ಹಾಕಿ, ಬೇರೇನನ್ನೂ ಕೈಯಿಂದ ಮಾಡದೆ ಪ್ಲೇಬುಕ್ಕೊಂದರಿಂದಲೇ ಅದನ್ನು ಮೊದಲಿನಂತೆ ಮಾಡಲು ಪ್ರಯತ್ನಿಸು. ಅವಸರದಲ್ಲಿ ಎಂದೋ ಕೈಯಿಂದ ಮಾಡಿ ಬರೆಯದೇ ಬಿಟ್ಟ ಪ್ರಿಂಟರಿನ ಸೆಟ್ಟಿಂಗು, ಪ್ರಾಕ್ಸಿಯ ವಿಳಾಸ, ಇಂಥವೆಲ್ಲ ಆಗ ಒಂದೊಂದಾಗಿ ಹೊರಬೀಳುತ್ತವೆ. ಅವನ್ನು ಪ್ಲೇಬುಕ್ಕಿಗೆ ಸೇರಿಸಿ, ಏನೇನು ಬಿಟ್ಟುಹೋಗಿತ್ತೆಂದು ನನಗೂ ಬರೆ.

ಇತಿ,
ನಿನ್ನ ದೊಡ್ಡಪ್ಪ